ಇಂಟೆಲ್ಲೋ ಎಎಂಡಿಯೋ, ಯಾವುದು ಜಾಸ್ತಿ ಬಿಸಿ? ಅಳೆಯುವುದು ಹೀಗೆ

ಪುಣೆಯ ಅಣ್ಣ ಜನವರಿ ಚಳಿಯಲ್ಲಿ ತನ್ನ ಕಂಪ್ಯೂಟರಿನ ಇಂಟೆಲ್ ಪ್ರೊಸೆಸರ್ 72 ಡಿಗ್ರಿ ಎನ್ನುತ್ತಾನೆ. ಡೊಂಬಿವಲಿಯ ತಮ್ಮ ಮೇ ತಿಂಗಳ ಮಧ್ಯಾಹ್ನ ತನ್ನ ರೈಜನ್ (ಎಎಂಡಿಯ ಪ್ರೊಸೆಸರ್) 95 ಎನ್ನುತ್ತಾನೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಕೂಡಲೇ ತೀರ್ಪು: ಎಎಂಡಿ ಬರೀ ಬೆಂಕಿ! ಇಂಥ ಹೋಲಿಕೆ ನೋಡಿ ನೋಡಿ ಸಾಕಾಗಿದೆ.

95 ಕಂಡರೆ ಗಾಬರಿ ಬೇಡ. ರೈಜನ್ 7000 ಸರಣಿಯ 7700ಎಕ್ಸ್, 7950ಎಕ್ಸ್ ಚಿಪ್‌ಗಳ ಬಿಸಿಯ ಮಿತಿಯೇ 95. ಭಾರಿ ಕೆಲಸ ಬಿದ್ದಾಗ ಅಲ್ಲಿಯವರೆಗೆ ಹೋಗಿ ನಿಲ್ಲುವಂತೆಯೇ ಅವನ್ನು ಮಾಡಿದ್ದಾರೆ. ಇಂಟೆಲ್ 14900ಕೆ ಮಿತಿ 100, ಎಎಂಡಿಯದೇ 7800ಎಕ್ಸ್3ಡಿ ಮಿತಿ 89.

ಮೊದಲು, ಎರಡಕ್ಕೂ ಒಂದೇ ಕೂಲರ್, ಒಂದೇ ಪೇಸ್ಟ್ (ಚಿಪ್ ಮತ್ತು ಕೂಲರ್ ನಡುವೆ ಶಾಖ ದಾಟಿಸಲು ಹಚ್ಚುವುದು). ಕಡಲೆಕಾಳಿನಷ್ಟು ಪೇಸ್ಟ್ ಸಾಕು. ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಕೂಲರ್ ಕೊಳ್ಳುವಾಗ ಎರಡೂ ಸಾಕೆಟ್‌ಗಳ (ಪ್ರೊಸೆಸರ್ ಕೂರುವ ಜಾಗ) ಬ್ರಾಕೆಟ್ ಡಬ್ಬಿಯಲ್ಲೇ ಇದೆಯಾ ನೋಡಿ. ಹೆಸರಿಲ್ಲದ ಬಿಳಿ ಪೇಸ್ಟ್ ಪುಕ್ಕಟೆ ಕೊಟ್ಟರೂ ಬೇಡ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರಾ? ನಗಬೇಡಿ, ಅದನ್ನು ಹಾಗೇ ಬಿಟ್ಟು ಕೂರಿಸಿ, ಪ್ರೊಸೆಸರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವವರಿದ್ದಾರೆ.

ಆಮೇಲೆ ಕೋಣೆ. ಎಸಿ 26ಕ್ಕಿಟ್ಟು ಅರ್ಧ ಗಂಟೆ ಬಿಡಿ. ಎಸಿಯ ಅಂಕಿ ನಂಬಬೇಡಿ. ಕ್ಯಾಬಿನೆಟ್ ಗಾಳಿ ಎಳೆದುಕೊಳ್ಳುವ ಕಡೆ ಒಂದು ಸಣ್ಣ ಥರ್ಮಾಮೀಟರ್ ಇಡಿ. ಚಿಪ್ ತೋರಿಸುವ ಅಂಕಿಯಿಂದ ಅದರ ಅಂಕಿ ಕಳೆಯಿರಿ. ಹೋಲಿಸಬೇಕಾದದ್ದು ಆ ವ್ಯತ್ಯಾಸವನ್ನು.

ಈಗ ಎಲ್ಲರೂ ಎಡವುವ ಜಾಗ: ವ್ಯಾಟ್. ಒಂದು ಚಿಪ್ 250 ವ್ಯಾಟ್ ತಿನ್ನುತ್ತಿದೆ, ಇನ್ನೊಂದು 140. ಇವೆರಡರ ಬಿಸಿ ಹೋಲಿಸಿ ಏನು ಸಿಗುತ್ತದೆ? ಡಬ್ಬಿಯ ಮೇಲಿನ ಅಂಕಿ ನೋಡಿಯೂ ಪ್ರಯೋಜನವಿಲ್ಲ. 14900ಕೆ ಮೇಲೆ 125 ಎಂದಿದ್ದರೂ ಅದು 253ರವರೆಗೆ ಹೋಗಬಹುದು, ಕೆಲವು ಮದರ್‌ಬೋರ್ಡ್‌ಗಳು ಆ ಮಿತಿಯನ್ನೂ ಸುಮ್ನೆ ತೆಗೆದುಹಾಕಿರುತ್ತವೆ. ಎಎಂಡಿಯೂ ಕಡಿಮೆಯಿಲ್ಲ, ಅವರ 105 ವ್ಯಾಟ್ ಚಿಪ್ ಸಾಕೆಟ್‌ನಿಂದ 142 ಎಳೆಯುತ್ತದೆ. ಹಾಗಾಗಿ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ. ಇಂಟೆಲ್‌ನಲ್ಲಿ ಪಿಎಲ್1, ಪಿಎಲ್2 (ದೀರ್ಘ ಹೊತ್ತಿನ, ಸ್ವಲ್ಪ ಹೊತ್ತಿನ ವ್ಯಾಟ್ ಮಿತಿ) ಎರಡನ್ನೂ 125 ಮಾಡಿ. ಒಂದನ್ನೇ ಮಾಡಿದರೆ ಕೆಲಸ ಕೆಡುತ್ತದೆ. ಎಎಂಡಿಯಲ್ಲಿ ಪಿಬಿಒ ಎಂಬ ಸೆಟ್ಟಿಂಗ್ ತೆರೆದು ಪಿಪಿಟಿಗೆ (ಸಾಕೆಟ್‌ನ ವ್ಯಾಟ್ ಮಿತಿ) 125 ಕೊಡಿ. ಕೆಲವು ಬೋರ್ಡ್‌ಗಳಲ್ಲಿ ಅದು ಮಿಲಿವ್ಯಾಟ್ ಲೆಕ್ಕ, 125000 ಬರೆಯಬೇಕು. ಎಎಂಡಿಯ ವ್ಯಾಟ್ ಇಳಿಸುವ ಇಕೋ ಮೋಡ್ ಒತ್ತಿದರೆ ಸಾಕಲ್ವಾ ಎನ್ನುವವರಿಗೆ: ಅದರ 65 ಅಂದರೆ ನಿಜಕ್ಕೂ 88. ಆ ಅಡ್ಡದಾರಿ ಹಿಡಿದರೆ ಇಂಟೆಲ್ಲನ್ನೂ 88ಕ್ಕೇ ಇಳಿಸಿ. ಸಣ್ಣ ಚಿಪ್ 125 ಮುಟ್ಟದಿದ್ದರೂ ಅಷ್ಟೇ, ಎರಡೂ ಮುಟ್ಟುವ ಅಂಕಿ ಆರಿಸಿಕೊಳ್ಳಿ.

ಬಿಸಿ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದಿಡಿ. ಪವರ್ ಸಾಲು ನಿಮ್ಮ ಅಂಕಿಯ ಹತ್ತಿರ ನಿಂತಿದೆಯಾ ನೋಡಿದ ಮೇಲೆಯೇ ಬಿಸಿಯ ಸಾಲಿಗೆ ಬನ್ನಿ. ಇಂಟೆಲ್‌ಗೆ ಸಿಪಿಯು ಪ್ಯಾಕೇಜ್, ರೈಜನ್‌ಗೆ ಟಿಡೈ (Tdie) ಎಂಬ ಸಾಲು. 2017ರ ರೈಜನ್ 1700ಎಕ್ಸ್, 1800ಎಕ್ಸ್ ಇದ್ದರೆ ಹುಷಾರು, ಅವುಗಳ ಟಿಕಂಟ್ರೋಲ್ (Tctl) ಸಾಲು ಬೇಕೆಂದೇ 20 ಡಿಗ್ರಿ ಜಾಸ್ತಿ ತೋರಿಸುತ್ತದೆ.

ಚಿಪ್‌ಗೆ ಪೂರ್ತಿ ಕೆಲಸ ಕೊಡುವ ಸಿನೆಬೆಂಚ್ ಆರ್23 ಪರೀಕ್ಷೆ ಹತ್ತು ನಿಮಿಷ ಓಡಿಸಿ. ನೀರಿನ ಕೂಲರ್ ಆದರೆ ಅರ್ಧ ಗಂಟೆ, ನೀರು ಕಾಯಲು ಹೊತ್ತು ಬೇಕು. ಇನ್ನೂ ಭಾರಿ ಪರೀಕ್ಷೆಯಾದ ಪ್ರೈಮ್95 ಬೇಡ. ಮನೆಯಲ್ಲಿ ಯಾರೂ ಚಿಪ್‌ನಿಂದ ಅಂಥ ಕೆಲಸ ತೆಗೆಯುವುದಿಲ್ಲ.

ವ್ಯಾಟ್ ಸಮ ಮಾಡಿದ ಮೇಲೂ ರೈಜನ್ 7000 ನಾಲ್ಕಾರು ಡಿಗ್ರಿ ಮೇಲಿದ್ದರೆ ಆಶ್ಚರ್ಯವಿಲ್ಲ. ಅದರ ಕೋರ್‌ಗಳು (ಲೆಕ್ಕ ಮಾಡುವ ಭಾಗಗಳು) ಎಂಟೆಂಟರವರೆಗೆ ಸುಮಾರು 70 ಚದರ ಮಿಲಿಮೀಟರಿನ ಪುಟ್ಟ ತುಣುಕಿನಲ್ಲಿ ಕೂತಿವೆ, ಮೇಲಿನ ಲೋಹದ ಮುಚ್ಚಳವೂ ದಪ್ಪ. ಶಾಖ ಅಲ್ಲಿಂದ ಬೇಗ ಹೊರಬರುವುದಿಲ್ಲ. ಆದರೆ ಕೋಣೆಗೆ ಸೇರುವ ಶಾಖ ವ್ಯಾಟ್‌ನಷ್ಟೇ. 95 ತೋರಿಸುತ್ತಾ 142 ವ್ಯಾಟ್ ತಿನ್ನುವ ಚಿಪ್‌ಗಿಂತ, 85 ತೋರಿಸುತ್ತಾ 253 ತಿನ್ನುವುದೇ ಒಂದು ಕೋಣೆಯ ಮನೆಯನ್ನು ಜಾಸ್ತಿ ಕಾಯಿಸುತ್ತದೆ, ಎಸಿ ಬಿಲ್ಲನ್ನೂ ಏರಿಸುತ್ತದೆ.