ಲಾಂಜಿನಲ್ಲಿ ಮೊದಲು ಸ್ನಾನ, ಆಮೇಲೆ ಊಟ

ಹಾಸನದಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಬೀಗ ಹಾಕಿದ ಒಂದು ಮನೆ ಕಣ್ಣಿಗೆ ಬೀಳುತ್ತದೆ. ಪಕ್ಕದವರನ್ನು ಕೇಳಿದರೆ, 'ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ದಾರೆ' ಅನ್ನುತ್ತಾರೆ. ನಾವೂ ಹಾಗೇ ಹೋಗಿ ಬಂದವರು. ಕುಣಿಗಲ್, ನೆಲಮಂಗಲ, ದೊಡ್ಡಬಳ್ಳಾಪುರ ಹಾದು ದೇವನಹಳ್ಳಿಯ ಏರ್‌ಪೋರ್ಟಿಗೆ ಸುಮಾರು 200 ಕಿ.ಮೀ. ನಸುಕಿನ ಫ್ಲೈಟ್ ಅಂದರೆ ಹಿಂದಿನ ಸಂಜೆಯೇ ಮನೆ ಬಿಡಬೇಕು. ದೋಹಾದಲ್ಲೋ ದುಬೈನಲ್ಲೋ ಇಳಿಯುವಾಗ ಸ್ನಾನ ಮಾಡಿ ಹೆಚ್ಚುಕಡಿಮೆ ಒಂದು ದಿನ ಆಗಿರುತ್ತದೆ. ಮುಂದಿನ ಫ್ಲೈಟಿಗೆ ಇನ್ನೂ ಐದಾರು ಗಂಟೆ. ಆಗ ಏರ್‌ಲೈನ್‌ನವರ ಲಾಂಜ್, ಅಂದರೆ ಕೂತು, ತಿಂದು, ಸ್ನಾನ ಮಾಡಿ ದಣಿವಾರಿಸಿಕೊಳ್ಳುವ ಜಾಗ, ಸಿಕ್ಕರೆ ಪುಣ್ಯ.

ಟಿಕೆಟ್ ಕೊಳ್ಳುವಾಗಲೇ ಕೇಳಿ

ಲಾಂಜ್ ಸಿಗುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಟಿಕೆಟ್ ತೆಗೆಯುವಾಗಲೇ. ಬಿಸಿನೆಸ್ ಕ್ಲಾಸ್ ಅಂದಮೇಲೆ ಇದ್ದೇ ಇರುತ್ತೆ ಅಂದುಕೊಳ್ಳಬೇಡಿ. ಕತಾರ್ ಏರ್‌ವೇಸ್‌ನ 'ಬಿಸಿನೆಸ್ ಲೈಟ್', ಎಮಿರೇಟ್ಸ್‌ನ 'ಸ್ಪೆಷಲ್' ದರದ ಬಿಸಿನೆಸ್ ಟಿಕೆಟಿನಲ್ಲಿ ಲಾಂಜ್ ಸೇರಿರುವುದಿಲ್ಲ. ದರದ ಹೆಸರು ಓದಿ, ಅನುಮಾನವಿದ್ದರೆ ಏಜೆಂಟರನ್ನು ಕೇಳಿ.

ಎಕಾನಮಿಯವರಿಗೂ ಒಂದು ದಾರಿ ಇದೆ. ಆಗಾಗ ಹಾರುವ ಮಗ, ಅಳಿಯ ಯಾರಾದರೂ ಜೊತೆಗಿದ್ದರೆ ಏರ್‌ಲೈನ್‌ನಲ್ಲಿ ಅವರ ಸದಸ್ಯತ್ವ ಯಾವ ದರ್ಜೆಯದು ಅಂತ ಕೇಳಿ. ಏರ್ ಇಂಡಿಯಾ 2014ರಿಂದ 'ಸ್ಟಾರ್ ಅಲಯನ್ಸ್' ಅನ್ನುವ ಏರ್‌ಲೈನ್‌ಗಳ ಕೂಟದಲ್ಲಿದೆ. ಅದರ 'ಗೋಲ್ಡ್' ಇದ್ದವರಿಗೆ ಕೂಟದ ಬೇರೆ ಏರ್‌ಲೈನ್‌ಗಳ ಲಾಂಜೂ ಸಿಗುತ್ತದೆ, ಸಾಮಾನ್ಯವಾಗಿ ಜೊತೆಗೆ ಒಬ್ಬರನ್ನು ಒಳಗೆ ಕರೆದೊಯ್ಯಬಹುದು. ಕತಾರ್ ಏರ್‌ವೇಸ್ 'ಒನ್‌ವರ್ಲ್ಡ್' ಕೂಟದ್ದು, ಅಲ್ಲಿ 'ಸಫೈರ್' ದರ್ಜೆ ಬೇಕು. ಎಮಿರೇಟ್ಸ್ ಈ ಯಾವ ಕೂಟದಲ್ಲೂ ಇಲ್ಲ.

ಬ್ಯಾಂಕಿನ ಕ್ರೆಡಿಟ್ ಕಾರ್ಡ್ ತೋರಿಸಿದರೆ ಸಿಗುವುದು ಸಾಮಾನ್ಯವಾಗಿ ಬೇರೆಯವರು ನಡೆಸುವ ಲಾಂಜ್, ಏರ್‌ಲೈನ್‌ನದ್ದಲ್ಲ. ಬೆಂಗಳೂರಿನಲ್ಲಿ ನಡೆದ ಕಾರ್ಡ್ ವಿದೇಶದಲ್ಲಿ ನಡೆಯದೇ ಇರಬಹುದು. ಹೊರಡುವ ಮುಂಚೆ ಬ್ಯಾಂಕಿಗೆ ಒಂದು ಫೋನ್ ಮಾಡಿ.

ಇಳಿದ ಮೇಲೆ

ಎಲ್ಲರ ಹಿಂದೆ ಸುಮ್ನೆ ನಡೆಯಬೇಡಿ. 'ಅರೈವಲ್ಸ್' ಕಡೆ ಹೋದರೆ ಇಮಿಗ್ರೇಷನ್ ಸಾಲಿನಲ್ಲಿ ನಿಂತಿರುತ್ತೀರಿ. ನಿಮ್ಮದು 'ಟ್ರಾನ್ಸ್‌ಫರ್ಸ್' ಬೋರ್ಡಿನ ದಾರಿ. ಅಲ್ಲಿ ಮತ್ತೊಮ್ಮೆ ಸೆಕ್ಯುರಿಟಿ ಚೆಕ್ ಇರುತ್ತದೆ. ವಿಮಾನದಲ್ಲಿ ಕೊಟ್ಟ ನೀರಿನ ಬಾಟಲಿ ಅಲ್ಲಿಗೆ ಮುಗಿಯಿತು. ಬಾಣಂತಿಗೆ ಅಂತ ಒಯ್ಯುವ ತುಪ್ಪವೂ ಅಷ್ಟೇ, ಕೈಚೀಲದಲ್ಲಿ ಬೇಡ.

ಚೆಕ್ ದಾಟಿದ ತಕ್ಷಣ ಲಾಂಜಿಗೆ ಓಡಬೇಡಿ. ಮೊದಲು ದೊಡ್ಡ ಪರದೆಯಲ್ಲಿ ನಿಮ್ಮ ಗೇಟ್ ನಂಬರ್ ಬಂದಿದೆಯಾ ನೋಡಿ. ಇನ್ನೂ ಬಂದಿಲ್ಲದಿದ್ದರೆ ಲಾಂಜಿನ ಕೌಂಟರಿನಲ್ಲಿ ಕೇಳಿ. ದುಬೈನ ಟರ್ಮಿನಲ್ 3ರಲ್ಲಿ, ದೋಹಾದಲ್ಲಿ ಗೇಟಿಗೆ ಹೋಗಲು ಒಳಗೇ ರೈಲು ಓಡುತ್ತದೆ ಅಂದರೆ ಅವುಗಳ ಉದ್ದ ಅಂದಾಜು ಮಾಡಿಕೊಳ್ಳಿ.

ಕೌಂಟರಿನಲ್ಲಿ ತೋರಿಸಬೇಕಾದ್ದು ಮುಂದಿನ ಫ್ಲೈಟಿನ ಬೋರ್ಡಿಂಗ್ ಪಾಸ್. ಎಷ್ಟು ಹೊತ್ತು ಇರಬಹುದು, ಶವರ್ ಎಲ್ಲಿದೆ ಅಂತ ಆಗಲೇ ಕೇಳಿಬಿಡಿ.

ತಿಂಡಿ ಎಲ್ಲೂ ಓಡಿಹೋಗಲ್ಲ

ಎಲ್ಲರೂ ಮಾಡುವ ತಪ್ಪು ಇದೇ. ಒಳಗೆ ಕಾಲಿಟ್ಟ ಕೂಡಲೇ ತಟ್ಟೆ ಹಿಡಿಯುವುದು. ಅಷ್ಟರಲ್ಲಿ ಶವರಿಗೆ ಹೆಸರು ಬರೆಸಿದವರ ಸಾಲು ಬೆಳೆದಿರುತ್ತದೆ. ಮೊದಲು ಹೆಸರು ಬರೆಸಿ.

ನನ್ನ ಹೆಂಡತಿ ಆ ಕೋಣೆಗೆ ಹೋಗಿ ಎರಡೇ ನಿಮಿಷಕ್ಕೆ ಹೊರಗೆ ಬಂದಳು. 'ರೀ, ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ ಕಣ್ರೀ!' ಇರುವುದು ಶವರ್, ಕಮೋಡ್, ಬೇಸಿನ್, ಜೊತೆಗೆ ಟವೆಲ್, ಸೋಪು, ಶಾಂಪೂ. ನಲ್ಲಿ ತಿರುಗಿಸುವಾಗ ಪಕ್ಕಕ್ಕೆ ನಿಂತು ಮೊದಲು ಕೈಯೊಡ್ಡಿ ನೋಡಿ, ಸುಡುವ ನೀರು ದಡಕ್ಕನೆ ತಲೆ ಮೇಲೆ ಬೀಳಬಹುದು. ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇಟ್ಟುಕೊಂಡಿರಬೇಕು. ದೊಡ್ಡ ಸೂಟ್‌ಕೇಸ್ ನೇರ ಮುಂದಿನ ಫ್ಲೈಟಿಗೆ ಹೋಗುತ್ತಿರುತ್ತದೆ, ಇಲ್ಲಿ ನಿಮ್ಮ ಕೈಗೆ ಸಿಗಲ್ಲ.

ಊಟದ ವಿಷಯ ಜಾಸ್ತಿ ಹೇಳುವುದಿಲ್ಲ. ಸಸ್ಯಾಹಾರಿಗಳು ಚೀಟಿ ಓದಿ, ಗೊತ್ತಾಗದಿದ್ದರೆ ಕೇಳಿ. ಕಾಬೂಲ್ ಕಡಲೆ ರುಬ್ಬಿ ಎಳ್ಳು ಬೆರೆಸಿದ ಹುಮ್ಮುಸ್ ರೊಟ್ಟಿಗೆ ಹಚ್ಚಿಕೊಂಡರೆ ನಮ್ಮ ಬಾಯಿಗೂ ಸೇರುತ್ತದೆ. ಕಾಫಿ ಸೀಮೆಯವರಿಗೆ ಮಾತ್ರ ಒಂದು ಗುಟ್ಟು: ಮೆಷಿನ್‌ನಲ್ಲಿ ಒಂದು ಎಸ್‌ಪ್ರೆಸೊ ಹಿಡಿಯಿರಿ, ಬೇರೆ ಲೋಟದಲ್ಲಿ ಬಿಸಿ ಹಾಲು ತೆಗೆದುಕೊಂಡು ನೀವೇ ಬೆರೆಸಿ. ಮನೆಯ ಡಿಕಾಕ್ಷನ್ ಕಾಫಿಯ ಹತ್ತಿರ ಹತ್ತಿರ ಬರುತ್ತದೆ. ಕ್ಯಾಪುಚಿನೋ ಬಟನ್ ಒತ್ತಿದರೆ ಬರೀ ನೊರೆ.

ಗಡಿಯಾರ ನಿಮ್ಮದೇ ಜವಾಬ್ದಾರಿ

ಎಷ್ಟೋ ಲಾಂಜ್‌ಗಳಲ್ಲಿ ಫ್ಲೈಟ್ ಹೊರಡುವುದನ್ನು ಮೈಕಿನಲ್ಲಿ ಕೂಗುವುದಿಲ್ಲ. ಮಲಗಿದರೆ ಎಬ್ಬಿಸುವವರೂ ಇಲ್ಲ. ದೋಹಾ ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ ಹಿಂದೆ. ನಾನು ಕೈಗಡಿಯಾರ ತಿರುಗಿಸಲು ಮರೆತೆ. ಕಣ್ಣು ಬಿಟ್ಟು ನೋಡಿದರೆ ಫ್ಲೈಟಿಗೆ ಹತ್ತೇ ನಿಮಿಷ! ಚಪ್ಪಲಿ ಹಾಕಿಕೊಳ್ಳದೆ ಇಬ್ಬರೂ ಓಡಿದೆವು. ಗೇಟಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅದು ಹಾಸನದ ಟೈಮು. ಇನ್ನೂ ಎರಡೂವರೆ ಗಂಟೆ ಗಟ್ಟಿ ಕುರ್ಚಿಯ ಮೇಲೆ ಕೂತೆವು, ಒಬ್ಬರ ಮುಖ ಒಬ್ಬರು ನೋಡದೆ. ನಮ್ಮದು ಬೇಗ ಹೋದ ತಪ್ಪು. ವಾಪಸ್ ಬರುವಾಗ ಇದೇ ಮರೆವು ಉಲ್ಟಾ ಹೊಡೆಯುತ್ತದೆ. ಅಮೆರಿಕದ ಟೈಮು ಹಿಂದೆ ಇರುವುದರಿಂದ ಫ್ಲೈಟೇ ಹೋಗಿಬಿಡುತ್ತದೆ. ಮೊಬೈಲಿನ ಏರೋಪ್ಲೇನ್ ಮೋಡ್ ತೆಗೆದು, ಲಾಂಜಿನ ವೈಫೈ ಹಾಕಿ, ಗೋಡೆಯ ಪರದೆಯ ಟೈಮಿಗೆ ತಾಳೆ ನೋಡಿ. ಆಮೇಲೆ ಅಲಾರಂ ಇಡಿ.

ಬೋರ್ಡಿಂಗ್ ಪಾಸಿನಲ್ಲಿ ಬರೆದ ಬೋರ್ಡಿಂಗ್ ಟೈಮಿಗೆ ಅರ್ಧ ಗಂಟೆ ಮೊದಲು ಎದ್ದರೆ ಸರಿ. ಎಮಿರೇಟ್ಸ್, ಕತಾರ್ ಏರ್‌ವೇಸ್‌ನ ಗೇಟು ಫ್ಲೈಟ್ ಹೊರಡುವ 20 ನಿಮಿಷ ಮೊದಲೇ ಮುಚ್ಚುತ್ತದೆ. ಅಬುಧಾಬಿ ಮೂಲಕ ಅಮೆರಿಕಕ್ಕೆ ಹೋಗುವವರು ಇನ್ನೂ ಬೇಗ ಏಳಬೇಕು, ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಸುತ್ತಾರೆ.

ಏಳುವಾಗ ಕುರ್ಚಿಯ ಸಂದಿಗೆ ಕೈ ಹಾಕಿ ನೋಡಿ. ಕನ್ನಡಕ, ಪಾಸ್‌ಪೋರ್ಟ್, ಗೋಡೆಗೆ ಸಿಕ್ಕಿಸಿದ ಚಾರ್ಜರ್. ನಮ್ಮ ಚಾರ್ಜರ್ ಇನ್ನೂ ಅಲ್ಲೇ ಇದೆ.