ಕೈ ಎತ್ತುವ ಮುನ್ನ ಮೊಬೈಲ್ ಎತ್ತಿ

ಸಂಜೆ ಏಳು ಗಂಟೆ. ಕುಕ್ಕರ್ ಮೂರನೇ ಸಲ ಕೂಗಿದೆ. ಮಗ ‘ಏಳೆಂಟ್ಲ...’ ಎಂದು ತಡವರಿಸಿ ನಿಂತಿದ್ದಾನೆ. ಬೆನ್ನಿಗೆ ಏಟು ಬೀಳುವುದು ಇಂಥ ಹೊತ್ತಿನಲ್ಲೇ.

ಮಕ್ಕಳ ರಕ್ಷಣೆಗೆ ತಂತ್ರಜ್ಞಾನ ಎಂದೊಡನೆ ಸಿಸಿಟಿವಿ ನೆನಪಾಗುತ್ತದೆ. ಅದು ಹೊರಗಿನವರ ಮೇಲೆ ಕಣ್ಣಿಡಲು. ನಮ್ಮದೇ ಕೈಯನ್ನು ತಡೆಯಲು ಜೇಬಿನಲ್ಲಿರುವ ಮೊಬೈಲ್ ಸಾಕು.

ಮೊದಲು ಒಂದು ವಾರ ಲೆಕ್ಕ ಇಡಿ. ಗದರಿದಾಗ, ಹೊಡೆದಾಗಲೆಲ್ಲ ನೋಟ್ಸ್‌ನಲ್ಲಿ ಬರೆಯಿರಿ: ಗಂಟೆ ಎಷ್ಟು, ನಿಮಗೆ ಹಸಿವಾಗಿತ್ತೇ, ಅದಕ್ಕೂ ಮುನ್ನ ಯಾರ ಮೇಲೆ ಸಿಟ್ಟು ಬಂದಿತ್ತು. ಮಗು ಮಾಡಿದ ತಪ್ಪನ್ನು ಬರೆಯಬೇಡಿ, ಅದು ಹೇಗೂ ನೆನಪಿರುತ್ತದೆ.

ಒಂದೇ ಹೊತ್ತು ಮತ್ತೆ ಮತ್ತೆ ಕಂಡರೆ, ಅದಕ್ಕೆ ಕಾಲು ಗಂಟೆ ಮುಂಚೆ ಅಲಾರಂ ಇಡಿ. ಅಲಾರಂಗೆ ಹೆಸರನ್ನೂ ಕೊಡಬಹುದು: ‘ಮೊದಲು ಊಟ, ಮಗ್ಗಿ ನಾಳೆ’.

ಹಸುಗೂಸಿನ ಮಾತು ಬೇರೆ. ಹಾಲು ಕೊಟ್ಟು, ಬಟ್ಟೆ ಬದಲಿಸಿ, ಜ್ವರವಿಲ್ಲವೆಂದು ನೋಡಿದ ಮೇಲೂ ಅಳು ನಿಲ್ಲದಿದ್ದರೆ ತಾಯಿಯ ತಾಳ್ಮೆಯೂ ಹರಿಯುತ್ತದೆ. ಆಗ ಮಗುವನ್ನು ಹಿಡಿದು ಜೋರಾಗಿ ಅಲುಗಾಡಿಸಲೇಬಾರದು. ಎಳೆಯ ಕತ್ತು ತಲೆಯ ಭಾರವನ್ನು ತಡೆಯದು, ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು ಬರಬಹುದು. ಬೀಳದಂಥ ಜಾಗದಲ್ಲಿ ಅಂಗಾತ ಮಲಗಿಸಿ, ಐದು ನಿಮಿಷದ ಟೈಮರ್ ಹಾಕಿ, ಪಕ್ಕದ ಕೋಣೆಗೆ ಹೋಗಿ. ಟೈಮರ್ ಬಡಿದಾಗ ಬಂದು ನೋಡಿ. ಅಷ್ಟು ಹೊತ್ತು ಅತ್ತರೆ ಮಗುವಿಗೇನೂ ಆಗದು.

ಆದರೂ ಕೈ ತಡೆಯುತ್ತಿಲ್ಲವೇ? 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು. ‘ಮಗುವಿಗೆ ಹೊಡೆದುಬಿಡುತ್ತಿದ್ದೇನೆ’ ಎಂದರೆ ಸಾಕು, ಪೀಠಿಕೆ ಬೇಡ. ಮನೆಯವರ ಕಣ್ಣಿಗೆ ಬೀಳಬಾರದೆಂದಿದ್ದರೆ ‘ಗ್ಯಾಸ್’ ಎಂದು ಸೇವ್ ಮಾಡಿಕೊಳ್ಳಿ.

ಏಟೇ ಬೀಳದ ಮನೆಯಲ್ಲೂ ನಿರ್ಲಕ್ಷ್ಯ ಇರಬಹುದು. ಸೆಟ್ಟಿಂಗ್ಸ್‌ಗೆ ಹೋಗಿ, ನಿನ್ನೆ ನೀವು ಎಷ್ಟು ಹೊತ್ತು ರೀಲ್ಸ್ ನೋಡಿದಿರೆಂದು ನೋಡಿ. ಅಲ್ಲೇ ಆ್ಯಪ್‌ಗೆ ದಿನದ ಮಿತಿ ಹಾಕಬಹುದು. ಮಗುವಿನ ಫೋನಿಗಲ್ಲ, ನಿಮ್ಮದಕ್ಕೆ.

ಕೊನೆಯದು, ಮಕ್ಕಳ ಸಹಾಯವಾಣಿ 1098. ಬಂಧುವೋ ನೆರೆಯವರೋ ಮಗುವನ್ನು ಹಿಂಸಿಸುತ್ತಿರುವ ಅನುಮಾನ ಬಂದರೆ ಇದಕ್ಕೆ ಕರೆ ಮಾಡಿ. ನಿಮ್ಮ ಮಗುವಿಗೂ ಬಾಯಿಪಾಠ ಮಾಡಿಸಿ: ಹತ್ತು, ಒಂಬತ್ತು, ಎಂಟು. ಏಳರ ಮಗ್ಗಿಗಿಂತ ಸುಲಭ. ನಾಳೆ ನನ್ನ ಮೇಲೆಯೇ ದೂರು ಕೊಟ್ಟೀತು ಎಂಬ ಅಳುಕು ಬಂದರೆ, ಬರಲಿ.