ಜಾಡಿಯಿಂದ ಹೊಲಕ್ಕೆ: ಪರದೇಶದ ಮಾರುಕಟ್ಟೆಗೆ ಹೊರಡುವವರಿಗೆ

ಮೊದಲ ಸಲ ಕಾರ್ಖಾನೆಯಿಂದ ಒಂದು ಜಾಡಿ ಗೆರ್ಕಿನ್, ಅಂದರೆ ವಿನಿಗರ್‌ನಲ್ಲಿ ಹಾಕಿಟ್ಟ ಮಿಡಿ ಸೌತೆ, ಮನೆಗೆ ತಂದಾಗ ಅಮ್ಮ ಒಂದನ್ನು ಕಚ್ಚಿ ಮುಖ ಕಿವುಚಿದಳು. ‘ಖಾರ ಇಲ್ಲ, ಒಗ್ಗರಣೆ ಇಲ್ಲ, ಇದನ್ನ ದುಡ್ಡು ಕೊಟ್ಟು ತಿಂತಾರಾ?’ ಆ ಜಾಡಿ ಆರು ತಿಂಗಳು ಫ್ರಿಜ್ಜಿನ ಬಾಗಿಲಲ್ಲಿ ಕೂತಿತ್ತು. ಕೊನೆಗೆ ಅಮ್ಮ ಅದನ್ನು ಖಾಲಿ ಮಾಡಿ, ತೊಳೆದು, ಹುಣಸೆಹಣ್ಣು ತುಂಬಿದಳು.

ಬೆಳೆದವರೇ ತಿನ್ನದ ಬೆಳೆ ಈ ಮಿಡಿ ಸೌತೆ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಸಣ್ಣದಾಗಿ ಶುರುವಾಗಿ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿತು. ಕೃಷಿ ಸರಕಿನ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಅಪೆಡಾ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಾರೆ. ಅಷ್ಟೂ ಜನರ ಬದುಕು ಯಾರೋ ಕಾಣದವರ ನಾಲಿಗೆಯ ಮೇಲೆ ನಿಂತಿದೆ. ತುಮಕೂರು ರಸ್ತೆಯ ಒಂದು ಗೆರ್ಕಿನ್ ಕಾರ್ಖಾನೆಯ ರಫ್ತು ವಿಭಾಗದಲ್ಲಿ 19 ವರ್ಷ ಕೂತವನ ಮಾತುಗಳಿವು. ನಿಮ್ಮದು ಬೆಲ್ಲವೋ ಸಿರಿಧಾನ್ಯದ ಬಿಸ್ಕತ್ತೋ ಆಗಿರಬಹುದು, ದಾರಿ ಹೆಚ್ಚುಕಮ್ಮಿ ಇದೇ.

ಸಲಹೆ ಕೇಳಲು ಬರುವವರ ಮೊದಲ ಪ್ರಶ್ನೆ, ‘ಯಾವ ದೇಶಕ್ಕೆ ಕಳಿಸಿದ್ರೆ ಲಾಭ ಸಾರ್?’ ಅದನ್ನು ಪಕ್ಕಕ್ಕಿಡಿ. ಯುರೋಪ್ ಅನ್ನುವ ಗಿರಾಕಿ ಯಾರೂ ಇಲ್ಲ. ಫ್ರೆಂಚರಿಗೆ ಕಿರುಬೆರಳಿಗಿಂತ ಸಣ್ಣ ಮಿಡಿ ಬೇಕು, ಕೋರ್ನಿಶೋನ್ ಅನ್ನುತ್ತಾರೆ. ಸಿಹಿ ಸೋಕಬಾರದು, ಹುಳಿ ಚುರುಕ್ಕನ್ನಬೇಕು, ಜೊತೆಗೆ ಸಾಸಿವೆ, ಪುಟ್ಟ ಈರುಳ್ಳಿ, ಟ್ಯಾರಗಾನ್ ಸೊಪ್ಪು. ಪಕ್ಕದ ಜರ್ಮನಿಗೆ ಹೋದರೆ ಕಾಯಿ ದಪ್ಪ, ಪಾಕ ಸಿಹಿಹುಳಿ, ನಮ್ಮ ಅಕ್ಕಿರೊಟ್ಟಿಗೆ ಹಾಕುವ ಸಬ್ಬಸಿಗೆಯದೇ ಘಮ. ಅಮೆರಿಕದವರು ದೊಡ್ಡ ಕಾಯನ್ನು ಬಿಲ್ಲೆ ಹೆಚ್ಚಿ ಬರ್ಗರ್ ಒಳಗಿಡುತ್ತಾರೆ. ರಷ್ಯಾದವರಿಗೆ ಉಪ್ಪು, ಬೆಳ್ಳುಳ್ಳಿ ಮುಂದಿರಬೇಕು. ಇದು ಗೊತ್ತಿಲ್ಲದ ಕಾಲದಲ್ಲಿ ನಾನು ಜರ್ಮನಿಗೆಂದು ಮಾಡಿದ ಮಾದರಿಯನ್ನೇ ಒಬ್ಬ ಫ್ರೆಂಚ್ ಖರೀದಿದಾರನ ಮುಂದಿಟ್ಟಿದ್ದೆ. ಆತ ಒಂದು ತುಂಡು ಬಾಯಿಗಿಟ್ಟು, ಬಹಳ ಮರ್ಯಾದೆಯಿಂದ, ‘ಇದು ಊಟದ ಕೊನೆಗೋ?’ ಎಂದು ಕೇಳಿದ. ಹಾಗಾಗಿ ನಾನು ದೇಶ ಕೇಳುವುದಿಲ್ಲ, ಯಾವ ಅಂಗಡಿಯ ಯಾವ ಹಲಗೆಯ ಮೇಲಿನ ಯಾವ ಜಾಡಿಯ ಜಾಗಕ್ಕೆ ನಿಮ್ಮದು ಹೋಗಬೇಕು ಅಂತ ಕೇಳುತ್ತೇನೆ.

ಆ ಜಾಡಿಯನ್ನು ಹುಡುಕಲು ಮೊದಲೇ ವಿಮಾನ ಹತ್ತಬೇಕಿಲ್ಲ. ಫ್ರಾನ್ಸಿನ ಲಿಯೋನಲ್ಲೋ ಜರ್ಮನಿಯ ಮ್ಯೂನಿಕ್‌ನಲ್ಲೋ ನಿಮ್ಮೂರಿನ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಮನೆ ಹತ್ತಿರದ ಮೂರು ಅಂಗಡಿಗಳ ಹಲಗೆಯ ಫೋಟೊ ಕಳಿಸಲು ಹೇಳಿ, ಪ್ರತಿ ಡಬ್ಬಿಯ ಬೆನ್ನಿನ ಚೀಟಿ ಓದುವಷ್ಟು ಹತ್ತಿರದಿಂದ. ಬೆಲೆ, ಪಾಕ ಬಸಿದ ನಂತರದ ತೂಕ, ಬರೆದಿದ್ದರೆ ಮೂಲ ದೇಶ, ಆಮದುದಾರನದೋ ಮಾರುವವನದೋ ವಿಳಾಸ ಎಲ್ಲ ಅದರಲ್ಲೇ ಇರುತ್ತದೆ. ಇಷ್ಟರಲ್ಲೇ ನಿಮ್ಮ ಪೈಪೋಟಿ ಟರ್ಕಿಯವರ ಜೊತೆಗೋ ವಿಯೆಟ್ನಾಂ ಜೊತೆಗೋ ಗೊತ್ತಾಗುತ್ತದೆ. ಒಂದು ಎಚ್ಚರ: ಆ ಹುಡುಗನ ಕಣ್ಣು ಸಾಲ ಪಡೆಯಿರಿ, ಅವನ ನಾಲಿಗೆ ಬೇಡ. ‘ಇಲ್ಲಿ ನಮ್ಮೋರೆಲ್ಲ ತಗೋತಾರೆ’ ಅನ್ನುವುದು ಕನ್ನಡ ಸಂಘದ ರಾಜ್ಯೋತ್ಸವದ ಮಳಿಗೆಗೆ ಸರಿ, ಕಂಟೇನರಿಗೆ ಸಾಲದು. ಭಾರತೀಯ ಅಂಗಡಿಗಳಿಗೆ ಮಾರುವುದು ತಪ್ಪೇನಲ್ಲ. ಅದು ಬೇರೆ ಆಟ, ಅದಕ್ಕೆ ಬೇರೆ ಲೆಕ್ಕ.

ಈಗ ಆ ಜಾಡಿಯ ಬೆಲೆಯನ್ನು ಹಿಂದಕ್ಕೆ ನಡೆಸಿ. ಫ್ರಾನ್ಸಿನ ಅಂಗಡಿಯಲ್ಲಿ 370 ಮಿಲಿಲೀಟರ್ ಜಾಡಿಗೆ 2 ಯೂರೋ ಎಂದು ಹಿಡಿಯೋಣ. ಆಹಾರದ ಮೇಲೆ ಅಲ್ಲಿ 5.5% ತೆರಿಗೆ, ಅದನ್ನು ತೆಗೆದರೆ 1.90. ಇನ್ನು ಮುಂದಿನವು ಲೆಕ್ಕ ತೋರಿಸಲು ನಾನೇ ಹಾಕಿಕೊಂಡ ಅಂಕಿಗಳು. ಅಂಗಡಿಯವನ ಪಾಲು 30%, ಉಳಿದದ್ದು 1.33. ಆಮದುದಾರನಿಗೆ 15%, ಉಳಿದದ್ದು 1.13. ಹಡಗು, ವಿಮೆ, ಸುಂಕ, ಉಗ್ರಾಣಕ್ಕೆ 25 ಸೆಂಟ್. ಗಾಜು, ಮುಚ್ಚಳ, ಚೀಟಿ, ಪೆಟ್ಟಿಗೆಗೆ 35. ವಿನಿಗರ್, ಮಸಾಲೆ, ಕೂಲಿ, ಬಾಯ್ಲರಿಗೆ 25. ಕೈಯಲ್ಲಿ ಉಳಿದದ್ದು 28 ಸೆಂಟ್. ಅದರಲ್ಲೇ ರೈತನಿಗೆ, ಬ್ಯಾಂಕಿನ ಬಡ್ಡಿಗೆ, ಕೆಟ್ಟ ಮಾಲಿಗೆ, ನಿಮಗೆ. ಬಹಳ ಜನ ಇದನ್ನು ಮುಂದಕ್ಕೆ ಲೆಕ್ಕ ಹಾಕುತ್ತಾರೆ: ನನ್ನ ಖರ್ಚು ಇಷ್ಟು, ಲಾಭ ಇಷ್ಟು, ಬೆಲೆ ಇಷ್ಟು. ಅಂಗಡಿಯ ಹಲಗೆ ನಿಮ್ಮ ಖರ್ಚು ಕೇಳುವುದಿಲ್ಲ. ಕೊನೆಯ ಸಂಖ್ಯೆ ನಿಮಗೆ ಸಾಲದಿದ್ದರೆ ಆ ಜಾಡಿ ನಿಮ್ಮದಲ್ಲ, ಇನ್ನೊಂದು ಹುಡುಕಿ. ಕಾಗದದ ಮೇಲೆ ಕೈಬಿಡುವುದಕ್ಕೆ ಖರ್ಚಿಲ್ಲ.

ನಮ್ಮಲ್ಲಿ ನಿಜವಾದ ತೊಡಕು ಇರುವುದು ಹೊಲದಲ್ಲಿ. ಗೆರ್ಕಿನ್ ವ್ಯಾಪಾರ ನಡೆಯುವುದು ಕಿಲೋಗೆ ಎಷ್ಟು ಕಾಯಿ ತೂಗುತ್ತದೆ ಅನ್ನುವುದರ ಮೇಲೆ. ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ತೂಗಿದರೆ ಅತಿ ಸಣ್ಣ, ರೈತನಿಗೂ ಒಳ್ಳೆ ಬೆಲೆ. 30ರಿಂದ 60 ತೂಗಿದರೆ ದಪ್ಪ, ಬೆಲೆ ಕಡಿಮೆ. ದಿನಾ ಕೊಯ್ಯಬೇಕು. ಒಂದು ಜಾತ್ರೆಯೋ ಜೋರು ಮಳೆಯೋ ಬಂದು ಒಂದು ದಿನ ತಪ್ಪಿದರೆ ರಾತ್ರೋರಾತ್ರಿ ಕಾಯಿ ಊದಿ ಫ್ರಾನ್ಸಿನ ಮಾಲು ಅಮೆರಿಕದ್ದಾಗಿರುತ್ತದೆ. ಎಷ್ಟೇ ಜತನ ಮಾಡಿದರೂ ಬಳ್ಳಿ ಬರೀ ಸಣ್ಣ ಕಾಯಿ ಕೊಡುವುದಿಲ್ಲ. ಫ್ರೆಂಚ್ ಖರೀದಿದಾರನಿಗೆ ಹತ್ತು ಕಂಟೇನರ್ ಸಣ್ಣ ಮಿಡಿ ಕೊಡುತ್ತೇನೆ ಎಂದು ಸಹಿ ಹಾಕಿದ ಕ್ಷಣವೇ, ಅದೇ ಬಳ್ಳಿಯಲ್ಲಿ ಬಿಡುವ ದಪ್ಪ ಕಾಯಿಗೆ ಗಿರಾಕಿ ಯಾರು ಅನ್ನುವ ಪ್ರಶ್ನೆಗೂ ಸಹಿ ಹಾಕಿದಂತೆ. ನಾವು ಮೊದಲ ವರ್ಷ ಹಾಕಿದ್ದು ಹಾಗೇ, ಉತ್ತರ ಇಟ್ಟುಕೊಳ್ಳದೆ. ದಪ್ಪ ಕಾಯಿ ಉಪ್ಪುನೀರಿನ ಪೀಪಾಯಿಗಳಲ್ಲಿ ಅಂಗಳದ ತುಂಬ ನಿಂತವು. ಕೊನೆಗೆ ಬಿಲ್ಲೆ ಹೆಚ್ಚುವ ಅಮೆರಿಕದ ಒಬ್ಬ ಖರೀದಿದಾರ ಕೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಂಡೆವು. ಮುಂದಿನ ವರ್ಷ ಎರಡೂ ಒಪ್ಪಂದಗಳನ್ನು ಒಟ್ಟಿಗೇ ಕುದುರಿಸಿದ ಮೇಲೆಯೇ ರೈತರಿಗೆ ಬೀಜ ಕೊಟ್ಟದ್ದು. ಮಂಗಳೂರಿನ ಗೋಡಂಬಿಯವರು ಇದನ್ನು ತಲೆಮಾರುಗಳಿಂದ ಬಲ್ಲರು: ಇಡಿ ಬೀಜಕ್ಕೆ ಒಬ್ಬ, ಚೂರಿಗೆ ಮಿಠಾಯಿ ಮಾಡುವ ಇನ್ನೊಬ್ಬ. ನಿಮ್ಮ ಮಾಲಿನ ‘ದಪ್ಪ ಕಾಯಿ’ ಯಾವುದು, ಅದು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಬರೆದಿಡಿ.

ಇಲ್ಲಿನ ಕಾಗದಪತ್ರದ ಬಗ್ಗೆ ಹೆದರಬೇಡಿ. ಕೇಂದ್ರದ ವಿದೇಶಿ ವ್ಯಾಪಾರ ನಿರ್ದೇಶನಾಲಯ ಡಿಜಿಎಫ್‌ಟಿಯಿಂದ ಐಇಸಿ, ಅಂದರೆ ಆಮದು-ರಫ್ತುದಾರರ ಗುರುತಿನ ಸಂಖ್ಯೆ, ಶುಲ್ಕ 500 ರೂಪಾಯಿ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ನವೀಕರಿಸಬೇಕು. ಅಪೆಡಾ ನೋಂದಣಿ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪರವಾನಗಿ. ಒಬ್ಬ ಒಳ್ಳೆ ಕಸ್ಟಮ್ಸ್ ಏಜೆಂಟ್ ಸಿಕ್ಕರೆ ಮುಗಿಯಿತು.

ತಲೆ ಕೆಡಿಸುವುದು ಆ ಕಡೆಯ ನಿಯಮಗಳು. ನಿರ್ದಿಷ್ಟ ಮಿತಿ ಗೊತ್ತುಮಾಡದ ಕೀಟನಾಶಕದ ಉಳಿಕೆಗೆ ಯುರೋಪಿನ ಒಕ್ಕೂಟದಲ್ಲಿ ಕಿಲೋಗೆ 0.01 ಮಿಲಿಗ್ರಾಂ ಎಂಬ ಮಿತಿ. ಊರಿನ ಗೊಬ್ಬರದ ಅಂಗಡಿಯವನು ಕೊಟ್ಟ ಔಷಧಿ ಇಲ್ಲಿ ಸರಿ ಇದ್ದೂ ಅಲ್ಲಿ ಸಿಕ್ಕಿಬೀಳಬಹುದು. ಪಕ್ಕದ ಟೊಮೆಟೊ ತೋಟದವನು ಹೊಡೆದದ್ದು ಗಾಳಿಯಲ್ಲಿ ತೇಲಿ ಬಂದರೂ ಸಾಕು. ಅದಕ್ಕೇ ಬೀಜ, ಗೊಬ್ಬರ, ಔಷಧಿ ಎಲ್ಲ ಕಂಪನಿಯೇ ಕೊಟ್ಟು, ಯಾವ ದಿನ ಏನು ಸಿಂಪಡಿಸಿದ್ದು ಎಂಬ ಪುಸ್ತಕ ಇಡುವುದು. ಅಮೆರಿಕಕ್ಕಾದರೆ ಕಾರ್ಖಾನೆಯನ್ನೇ ಅಲ್ಲಿನ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎಯಲ್ಲಿ ನೋಂದಾಯಿಸಬೇಕು, ಸಮಸಂಖ್ಯೆಯ ವರ್ಷಗಳಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ನವೀಕರಿಸಬೇಕು. ಹುಳಿ ಸೇರಿಸಿ ಕೆಡದಂತೆ ಮಾಡಿದ ಜಾಡಿಯ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಸಂಖ್ಯೆ ಕಡಿಮೆ) 4.6 ಮೀರಬಾರದು, ತಯಾರಿಕೆಯ ವಿಧಾನವನ್ನೂ ಅವರಿಗೆ ಸಲ್ಲಿಸಬೇಕು. ಪೆಟ್ಟಿಗೆ ಜೋಡಿಸುವ ಮರದ ಅಟ್ಟಣೆ, ಪ್ಯಾಲೆಟ್ಟಿಗೂ ನಿಯಮವಿದೆ: ಒಳಗಿನ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಮುದ್ರೆ ಬಿದ್ದಿರಬೇಕು.

ಚೀಟಿಯ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಯುರೋಪಿನಲ್ಲಿ ಎದ್ದು ಕಾಣುವಂತೆ ಮುದ್ರಿಸಲೇಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ಸಾಸಿವೆಯೂ ಒಂದು. ಅಮೆರಿಕದ ಪಟ್ಟಿಯಲ್ಲಿ ಸಾಸಿವೆ ಇಲ್ಲ. ಅಲ್ಲಿಗೆ ಮಾಡಿಸಿದ ವಿನ್ಯಾಸವನ್ನೇ ಫ್ರೆಂಚಿಗೆ ಅನುವಾದಿಸಿ ಅಚ್ಚು ಹಾಕಿಸಿಬಿಟ್ಟೆ. ಒಗ್ಗರಣೆಗೆ ದಿನಾ ಸಾಸಿವೆ ಸಿಡಿಸುವ ಮನೆಯಲ್ಲಿ ಬೆಳೆದವನಿಗೆ ಅದೂ ಒಂದು ಅಪಾಯ ಎಂದು ಹೊಳೆಯಲೇ ಇಲ್ಲ. ಸಾವಿರಾರು ಜಾಡಿಗಳಿಗೆ ಆ ಊರಿನ ಉಗ್ರಾಣದಲ್ಲಿ, ಆ ಊರಿನ ಕೂಲಿಯಲ್ಲಿ, ಮೇಲೊಂದು ಚೀಟಿ ಅಂಟಿಸಿದರು. ಬಿಲ್ಲು ನಮಗೆ.

ಒಳಹೋಗಲು ಮೂರು ಬಾಗಿಲು. ಪೀಪಾಯಿಯಲ್ಲಿ ಅರೆಸಿದ್ಧ ಮಾಲು ಕೊಟ್ಟು ಅಲ್ಲಿಯವರೇ ಜಾಡಿಗೆ ತುಂಬಿಕೊಳ್ಳುವುದು, ಇಲ್ಲೇ ಜಾಡಿ ತುಂಬಿ ಅವರ ಹೆಸರಿನಲ್ಲಿ ಮಾರುವುದು, ನಿಮ್ಮದೇ ಹೆಸರು. ಎಲ್ಲರಿಗೂ ಮೂರನೆಯದರ ಮೇಲೆ ಕಣ್ಣು. ನನ್ನ ಮಾತು ಕೇಳಿದರೆ ಮೊದಲ ಐದು ವರ್ಷ ಅದರ ಹಂಬಲ ಬಿಡಿ. ಫ್ರಾನ್ಸಿನಲ್ಲಿ ತಿನ್ನುವ ಕೋರ್ನಿಶೋನ್‌ಗಳಲ್ಲಿ ಬಹುಪಾಲು ಭಾರತದ್ದು, ಅದು ತಿನ್ನುವ ಎಷ್ಟೋ ಜನಕ್ಕೆ ಗೊತ್ತೂ ಇಲ್ಲ. ಮೊದಮೊದಲು ನನಗೂ ಹೊಟ್ಟೆ ಉರಿಯುತ್ತಿತ್ತು. ಆದರೆ ಜರ್ಮನಿಯ ಶ್ಪ್ರೇವಾಲ್ಡ್ ಪ್ರದೇಶದ ಸೌತೆಗೆ 1999ರಿಂದ ಭೌಗೋಳಿಕ ಗುರುತಿನ ರಕ್ಷಣೆ ಇದೆ, ಅಲ್ಲಿಯವರ ಅಭಿಮಾನ ಅಷ್ಟು. ಅದರ ಪಕ್ಕ ಯಾರೂ ಕೇಳದ ಹೆಸರಿಟ್ಟುಕೊಂಡು ನಿಲ್ಲಲು ಜಾಹೀರಾತಿಗೆ ಸುರಿಯುವ ದುಡ್ಡು ಬೇಕು. ಅದರ ಬದಲು ಐಎಫ್‌ಎಸ್ ಅಥವಾ ಬಿಆರ್‌ಸಿ ಎಂಬ ಆಹಾರ ಸುರಕ್ಷತೆಯ ಪ್ರಮಾಣಪತ್ರಕ್ಕೆ ಖರ್ಚು ಮಾಡಿ. ಅದಿಲ್ಲದೆ ದೊಡ್ಡ ಅಂಗಡಿ ಸರಣಿಗಳ ಖರೀದಿದಾರರು ಮಾತಿಗೇ ಕೂರುವುದಿಲ್ಲ.

ಖರೀದಿದಾರರು ಸಿಗುವುದು ಆಹಾರ ಮೇಳಗಳಲ್ಲಿ. ಬೆಸ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯ ಕಲೋನಿನಲ್ಲಿ ಅನುಗಾ, ಸಮ ವರ್ಷದಲ್ಲಿ ಪ್ಯಾರಿಸ್ಸಿನ ಸಿಯಾಲ್. ಮೊದಲ ಸಲ ಮಳಿಗೆ ಹಾಕಬೇಡಿ, ಟಿಕೆಟ್ ತೆಗೆದು ಸುಮ್ಮನೆ ಓಡಾಡಿ. ಮಳಿಗೆ ಹಾಕಿದವನು ಐದು ದಿನ ಕುರ್ಚಿಗೆ ಅಂಟಿಕೊಂಡಿರುತ್ತಾನೆ, ಓಡಾಡುವವನು ಟರ್ಕಿಯವನ ಜಾಡಿಯನ್ನೂ ಮೂಸಿ ನೋಡಿ ಬರುತ್ತಾನೆ.

ದುಡ್ಡಿನ ಮಾತು. ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್), ಅಂದರೆ ಖರೀದಿದಾರನ ಬ್ಯಾಂಕು ದುಡ್ಡಿಗೆ ಕೊಡುವ ಭರವಸೆ ಪತ್ರ, ಬರೆಸಿಕೊಂಡರೆ ಸಾಮಾನ್ಯವಾಗಿ ಮಾಲು ಹಡಗು ಹತ್ತಿದ 21 ದಿನದೊಳಗೆ ದಾಖಲೆಗಳು ಬ್ಯಾಂಕಿಗೆ ತಲುಪಬೇಕು, ಒಂದು ಅಕ್ಷರ ಹೆಚ್ಚುಕಮ್ಮಿ ಆದರೂ ತಕರಾರು. ಎಲ್‌ಸಿ ಇಲ್ಲದೆ ಉದ್ದರಿ ಕೊಡುವುದಾದರೆ ರಫ್ತು ಸಾಲಕ್ಕೆ ವಿಮೆ ಕೊಡುವ ಸರ್ಕಾರಿ ಕಂಪನಿ ಇಸಿಜಿಸಿಯ ವಿಮೆ ಮಾಡಿಸಿ. ನಾನು ಹಾಕಿಕೊಂಡ ಗೆರೆ, ಯಾವ ಒಂದು ದೇಶಕ್ಕೂ ಒಟ್ಟು ಮಾಲಿನ ಶೇ. 40 ಮೀರಬಾರದು. 2022ರ ಮಾರ್ಚಿನಲ್ಲಿ ರಷ್ಯಾದ ಹಲವು ಬ್ಯಾಂಕುಗಳನ್ನು ದೇಶದೇಶಗಳ ಬ್ಯಾಂಕುಗಳ ಸಂದೇಶ ಜಾಲ ಸ್ವಿಫ್ಟ್‌ನಿಂದ ಹೊರಗಿಟ್ಟಾಗ ಅಲ್ಲಿಂದ ಬರಬೇಕಾದ ದುಡ್ಡಿಗೆ ವಾರಗಟ್ಟಲೆ ಕಾದವರಿದ್ದಾರೆ. 2023ರ ಕೊನೆಯಿಂದ ಕೆಂಪು ಸಮುದ್ರ ಬಿಟ್ಟು ಆಫ್ರಿಕಾ ಸುತ್ತುವ ಹಡಗುಗಳು ಯುರೋಪ್ ಮುಟ್ಟಲು ಹತ್ತು ದಿನಕ್ಕೂ ಹೆಚ್ಚು ತಡ ಮಾಡಿದವು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲೆ ಹೇರಿದ ಹೆಚ್ಚುವರಿ ಸುಂಕ ಒಟ್ಟು 50% ಮುಟ್ಟಿತು. ಇವು ಯಾವುವೂ ತುಮಕೂರಿನ ಬಳ್ಳಿಗೆ ಗೊತ್ತಿಲ್ಲ, ಅದು ಕಾಯಿ ಬಿಡುತ್ತಲೇ ಇರುತ್ತದೆ.

ಮೊದಲ ಒಪ್ಪಂದ ಒಂದೇ ಒಂದು 20 ಅಡಿ ಕಂಟೇನರಿಗಿರಲಿ, ಎಷ್ಟೇ ಆಸೆ ತೋರಿಸಿದರೂ. ಪ್ರತಿ ಬ್ಯಾಚಿನಿಂದ ಕನಿಷ್ಠ ಆರು ಜಾಡಿ ತೆಗೆದು, ಚೀಟಿ ಬರೆದು, ನಿಮ್ಮಲ್ಲೇ ಇಟ್ಟುಕೊಳ್ಳಿ. ಹದಿನಾಲ್ಕು ತಿಂಗಳ ನಂತರ ಒಬ್ಬ ಖರೀದಿದಾರ ಫೋಟೊ ಕಳಿಸಿದ್ದ, ಪಾಕ ಮಬ್ಬಾಗಿದೆ, ಮಾಲು ವಾಪಸ್ ತಗೊಳ್ಳಿ ಅಂತ. ಉಗ್ರಾಣದ ಕಪಾಟಿನಿಂದ ಅದೇ ಬ್ಯಾಚಿನ ಜಾಡಿ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ಕನ್ನಡಿಯ ಹಾಗಿತ್ತು. ಅದರ ಫೋಟೊ ತೆಗೆದು, ನಿಮ್ಮ ಉಗ್ರಾಣದಲ್ಲಿ ಚಳಿಗಾಲದ ಉಷ್ಣಾಂಶ ಎಷ್ಟಿತ್ತು ಎಂದು ಒಂದೇ ಸಾಲು ಬರೆದು ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಹೊಸ ಆರ್ಡರ್ ಬಂತು.